ಯಾರೂ ಫೋನ್ ಮಾಡದ ಸರ್ವರ್

ಕೇಬಲ್ ಕಿತ್ತು ಶ್ವೇತ ಫೋನಿನ ಪಕ್ಕ ಕೂತಳು. ಯಾರಾದರೂ ಬೈಯಬೇಕು, ಅದಕ್ಕೆ ಕಾಯಬೇಕು. ಎರಡು ವಾರದಿಂದ ಅವಳ ಕೆಲಸ ಅದೇ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಕಾರ್ಖಾನೆಯ ಸರ್ವರ್ ಕೋಣೆಯಲ್ಲಿ ಹನ್ನೊಂದು ಯಂತ್ರಗಳಿದ್ದವು. ಹೆಚ್ಚಿನವು ಹತ್ತರಲ್ಲೊಂದು ಪಾಲೂ ದುಡಿಯದೆ ಹಗಲೂ ರಾತ್ರಿ ಕರೆಂಟು ಎಳೆಯುತ್ತಿದ್ದವು. ಅವನ್ನು ತಣ್ಣಗಿಡುವ ಎಸಿಗೂ ಹೆಚ್ಚುಕಡಿಮೆ ಅಷ್ಟೇ ಕರೆಂಟು. ಎಲ್ಲ ಕೆಲಸವನ್ನೂ ಮೂರು ಸರ್ವರ್‌ಗಳಿಗೆ ತುಂಬಿಸಿ ಉಳಿದವನ್ನು ಬಂದ್ ಮಾಡಿ ಎಂದು 2008ರ ಬೇಸಿಗೆಯಲ್ಲಿ ಹೆಡ್ಡಾಫೀಸಿನಿಂದ ಆದೇಶ ಬಂತು. ಯಾವುದನ್ನು ಯಾರು ಬಳಸುತ್ತಾರೆಂದು ಸರಿಯಾಗಿ ಬಲ್ಲವರಿರಲಿಲ್ಲ. ಹಾಗಾಗಿ ಒಂದೊಂದರ ಕೇಬಲ್ ಕೀಳುವುದು, ಫೋನ್ ಬಂದರೆ ಮತ್ತೆ ಸಿಕ್ಕಿಸುವುದು. ಸ್ಟೋರ್ಸಿನವರು ಕೂಡಲೇ ಬೈದರು. ಸಂಬಳದ ವಿಭಾಗದವರು ಓಡಿಯೇ ಬಂದರು.

ಕೊನೆಯ ಸರ್ವರ್‌ನ ಕೇಬಲ್ ಕಿತ್ತು ವಾರವಾದರೂ ಫೋನ್ ಬರಲಿಲ್ಲ.

"ಯಾರಿಗೂ ಬೇಡ ಅಂತ ಬರ್ದು ಮುಗಿಸ್ರೀ," ಎಂದರು ಮ್ಯಾನೇಜರ್.

ಅದರಿಂದ ಹೊರಟ ವೈರು ಹಿಂದಿನ ಶೆಡ್ಡಿನ ಸಾಬೂನು ವಿಭಾಗಕ್ಕೆ ಹೋಗಿತ್ತು. ಆ ವಿಭಾಗ ಮುಚ್ಚಿ ವರ್ಷವಾಗಿತ್ತು. ಅಲ್ಲಿನ ಕಂಪ್ಯೂಟರನ್ನೂ ಬಿಚ್ಚಿ ತರೋಣವೆಂದು ಶ್ವೇತ ಬಾಗಿಲು ತಳ್ಳಿದಳು. ಒಳಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಐವತ್ತು ದಾಟಿದ ಒಬ್ಬರು ಕೂತಿದ್ದರು. ಹೆಸರು ಪುಟ್ಟಸ್ವಾಮಿ ಎಂದರು. ಉಳಿದವರನ್ನೆಲ್ಲ ಮನೆಗೆ ಕಳಿಸಿದಾಗ, ಮಿಕ್ಕ ಸರಕಿನ ವಿವರ ತುಂಬಲು ಇವರೊಬ್ಬರನ್ನು ಇಟ್ಟುಕೊಂಡಿದ್ದರು. ಸರಕು ಖಾಲಿಯಾಯಿತು. ಇವರು ಬರುತ್ತಲೇ ಇದ್ದರು, ಸಂಬಳವೂ ಬರುತ್ತಲೇ ಇತ್ತು.

"ವಾರದಿಂದ ಇದು ನಡೀತಿಲ್ವಲ್ಲ ಸಾರ್. ಒಂದು ಫೋನ್ ಮಾಡ್ಬಾರದಾಗಿತ್ತಾ?"

"ಮಾಡ್ಬೋದಿತ್ತು ಮೇಡಂ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮಾಡಿದ್ರೆ ಯಾರು ಅಂತ ಕೇಳೋರು. ಇವ್ನು ಇನ್ನೂ ಇಲ್ಲೇ ಅವ್ನೆ ಅಂತ ಗೊತ್ತಾಗೋದು."

"ದಿನಾ ಏನ್ ಮಾಡ್ತಿದ್ರಿ?"

"ಬತ್ತಿದ್ದೆ. ಸರಕು ಸೊನ್ನೆ ಅಂತ ಟೈಪ್ ಒಡೀತಿದ್ದೆ. ಸಂಜೆ ಓಯ್ತಿದ್ದೆ."

"ಇದನ್ನ ಬೇರೆ ಸರ್ವರ್‌ಗೆ ಹಾಕ್ಕೊಡ್ತೀನಿ. ಒಂಚೂರು ಜಾಗ ಸಾಕು. ಬಳಸೋರ ಹೆಸರು ಮಾತ್ರ ಬರೀಬೇಕು."

"ಎಸ್ರು ಬ್ಯಾಡಿ ಮೇಡಂ." ಅವರ ದನಿಯಲ್ಲಿ ದೈನ್ಯವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಮಗಳು ಮೇಘನಾ ನರ್ಸಿಂಗ್ ಓದ್ತಾವ್ಳೆ. ಅದು ಮುಗಿಯೋಗಂಟ ಇಂಗೇ ಇರ್ಲಿ. ಆರಿಸ್ಬುಡಿ."

ಏನಾದರೂ ಅನ್ನಿಸಬೇಕಿತ್ತು. ಶ್ವೇತಳಿಗೆ ಏನೂ ಅನ್ನಿಸಲಿಲ್ಲ. ಕಂಪ್ಯೂಟರನ್ನು ಅಲ್ಲೇ ಬಿಟ್ಟು ಬಂದಳು. ಬಳಸುವವರು ಯಾರೂ ಇಲ್ಲವೆಂದು ಬರೆದು ಸರ್ವರ್ ಆರಿಸಿದಳು. ಅದರ ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು. ಕರೆಂಟಿನ ಉಳಿತಾಯ ಎಷ್ಟೆಂದು ನೋಡಿ ಮ್ಯಾನೇಜರ್ ತಲೆಯಾಡಿಸಿದರು.

ಸಂಜೆ ನರಸೀಪುರದ ಬಸ್ಸು ಹತ್ತಿದರೆ ಒಂದೇ ಸೀಟು ಖಾಲಿಯಿತ್ತು. ಅದರ ಪಕ್ಕ, ಕಿಟಕಿಗೆ, ಪುಟ್ಟಸ್ವಾಮಿ. ಇಷ್ಟು ದಿನ ಇದೇ ಬಸ್ಸಿನಲ್ಲಿ ಇದ್ದರೇನೋ, ಅವಳು ನೋಡಿರಲಿಲ್ಲ. ಅವಳು ಕೂರಲೆಂದು ಅವರು ಕಿಟಕಿಗೆ ಒತ್ತಿ ಸರಿದರು. ದಾರಿಯಲ್ಲಿನ ಹದಿನಾರು ಎಂಬ ಹಳ್ಳಿಯಲ್ಲಿ ಅವರು ಇಳಿದು, ತಿರುಗಿ ನೋಡದೆ ನಡೆದರು.

ಬಸ್ಸು ಹೊರಟ ಮೇಲೆ ಶ್ವೇತ ಕಿಟಕಿಯ ಕಡೆ ಸರಿದು ಕೂತಳು. ಅವರು ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.