ಎರಡನೇ ಮೈಕು

ಹನ್ನೊಂದನೆಯ ಕುರ್ಚಿ ಒರೆಸಿ ಹನ್ನೆರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅತ್ತಿಗೆ ಬಂದು ಅವಳ ಕೈಯಲ್ಲಿದ್ದ ಬಟ್ಟೆಯನ್ನು ಕಿತ್ತುಕೊಂಡರು.

"ಸಾಕು ಬಿಡೇ. ಬಾಡಿಗೆ ಕುರ್ಚಿ ಇವು. ಹೀಗೆ ಉಜ್ಜಿದ್ರೆ ವಾಪಸ್ ಕೊಡುವಾಗ ಅವರು ಗುರುತೇ ಹಿಡಿಯಲ್ಲ."

"ಧೂಳಿತ್ತು ಅತ್ತಿಗೆ."

"ಜನ ಅಳೋಕೆ ಬರ್ತಿದಾರೆ, ತಪಾಸಣೆಗಲ್ಲ. ಹೋಗಿ ಮುಖ ತೊಳ್ಕೋ. ಇನ್ನರ್ಧ ಗಂಟೇಲಿ ಗಾಡಿ ಬರುತ್ತೆ."

ಅವಳು ಕೈ ಕೊಡವಿಕೊಂಡಳು. ಅತ್ತಿಗೆ ಕಿತ್ತುಕೊಂಡದ್ದು ಹರಿದ ಟವೆಲಿನ ತುಂಡು. ಅವಳ ಮೆಚ್ಚಿನ ಹಳದಿ ಬಟ್ಟೆ, ಒಂದು ಸಲ ಎಳೆದರೆ ಎರಡನೆಯ ಸಲ ಎಳೆಯಬೇಕಿಲ್ಲದಂಥದ್ದು, ಎರಡು ವಾರದಿಂದ ಕಾಣೆಯಾಗಿತ್ತು. ಅರವತ್ತಾರು ವರ್ಷದ ಹೆಂಗಸು ಒಡಹುಟ್ಟಿದ ಅಕ್ಕನನ್ನು ಕಳಿಸಿಕೊಡುವ ದಿನ ಒರೆಸುವ ಬಟ್ಟೆಗಾಗಿ ಮೂಲೆ ಮೂಲೆ ನೋಡುತ್ತಿದ್ದಾಳೆಂದರೆ ಜನ ಏನೆಂದುಕೊಂಡಾರು ಎಂದು ಅವಳಿಗೇ ಅನ್ನಿಸಿತು. ಆದರೆ ಕೈ ಸುಮ್ಮನಾದರೆ ಸಾಕು, ತಲೆ ಶುರು ಮಾಡುತ್ತಿತ್ತು.

ಅಕ್ಕ ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಕಾಣದ ಜನರಿಗೆ "ದಯವಿಟ್ಟು ಲೈನಿನಲ್ಲಿರಿ" ಎಂದವಳು. ನಿವೃತ್ತಿಯಾದ ಮೇಲೆ ಆ ದನಿಯನ್ನು ಏನು ಮಾಡುವುದೆಂದು ತಿಳಿಯದೆ, ಅಕ್ಕತಂಗಿ ಇಬ್ಬರೇ ಇದ್ದ ಮನೆಯಲ್ಲಿ ಹಾಸಿಗೆಗಳನ್ನು ಒಟ್ಟುತ್ತಿದ್ದ ಕೋಣೆಯ ಗೋಡೆಗಳಿಗೆ ಹಳೆಯ ರಜಾಯಿಗಳನ್ನು ಬಡಿದು, ಕಣ್ಣು ಕಾಣದವರಿಗಾಗಿ ಕಾದಂಬರಿ ಓದಿ ಧ್ವನಿಮುದ್ರಿಸತೊಡಗಿದಳು. ದಿನಾ ನಾಲ್ಕರಿಂದ ಐದು. ಅದು ಫೋನಿನ ಮೂಲಕ ಇನ್ನೂರು ಮನೆಗಳಿಗೆ ಹೋಗುತ್ತಿತ್ತು. ಮೊನ್ನೆ ಅದೇ ಹೊತ್ತಿನಲ್ಲಿ, ಅದೇ ಕುರ್ಚಿಯಲ್ಲಿ, ಓದು ಶುರು ಮಾಡುವ ಮೊದಲೇ ಅಕ್ಕನ ಹೃದಯ ನಿಂತಿತು. ಕ್ಷಣದಲ್ಲಿ ಮುಗಿದಿದೆ, ನೋವು ಗೊತ್ತಾಗಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರು.

ತಂಗಿ ಯಾರಿಗೂ ಹೇಳದೆ ಇಟ್ಟುಕೊಂಡ ಮಾತೊಂದಿತ್ತು. ಆ ಒಂದು ಗಂಟೆ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ, ಕೈಕಟ್ಟಿ, ಬೇಕೆಂದೇ ಒಂದಿಷ್ಟೂ ಸದ್ದು ಮಾಡದೆ ಕೂತಿದ್ದಳು.

*

ಎಲ್ಲಕ್ಕೂ ಮೂಲ ಆ ಹಳೆಯ ಮಿಕ್ಸರು. ಮೈಕಿನ ದನಿಯನ್ನು ತೆಗೆದುಕೊಂಡು, ತಿದ್ದಿ, ಕಂಪ್ಯೂಟರಿಗೆ ದಾಟಿಸುವ ಯಂತ್ರ. ಮುಚ್ಚಿಹೋದ ವಾದ್ಯವೃಂದವೊಂದರಿಂದ ಅಗ್ಗಕ್ಕೆ ಸಿಕ್ಕಿದ್ದು. ಊಟದ ಮೇಜಿನಷ್ಟು ದೊಡ್ಡದು, ನೂರಾರು ಗುಂಡಿ. ಅಕ್ಕನಿಗೆ ಬೇಕಾಗಿದ್ದದ್ದು ಅದರಲ್ಲಿ ಒಂದೇ ಸಾಲು.

ಒಂದು ಬೆಳಿಗ್ಗೆ ತಂಗಿ ಧೂಳು ಹೊಡೆಯಲು ಹೋದಳು. ಗುಂಡಿಗಳ ಮೇಲಿನ ಬಿಳಿ ಗೆರೆಗಳು ಒಂದು ಆ ಕಡೆ, ಒಂದು ಈ ಕಡೆ ನೋಡುತ್ತ, ಸಾಲಿನಲ್ಲಿ ನಿಲ್ಲಲೊಲ್ಲದ ಶಾಲೆಯ ಮಕ್ಕಳ ಹಾಗಿದ್ದವು. ಅವಳಿಗೆ ತಡೆಯಲಾಗಲಿಲ್ಲ. ಒಂದೂ ಬಿಡದೆ ಎಲ್ಲವನ್ನೂ ನೆಟ್ಟಗೆ ಮೇಲಕ್ಕೆ ತಿರುಗಿಸಿಟ್ಟಳು. ಹಿಂದೆ ಸರಿದು ನೋಡಿದಾಗ ಕಣ್ಣಿಗೆ ಹಿತವೆನಿಸಿತು.

ಕಿವಿ ಬೆವರುತ್ತದೆಂದು ಅಕ್ಕ ಓದುವಾಗ ಹೆಡ್‌ಫೋನ್ ಹಾಕುತ್ತಿರಲಿಲ್ಲ. ಮೂರು ಅಧ್ಯಾಯ ಓದಿ ಮುಗಿಸಿ ಕೇಳಿದರೆ, ಕಾದಂಬರಿಯಲ್ಲಿ ತೀರ್ಪು ಕೊಡುವ ನ್ಯಾಯಾಧೀಶರು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್‌ಗುಡುತ್ತಿದ್ದರು.

"ಏನೇ ಮಾಡಿದೆ ಇದಕ್ಕೆ?"

"ಏನೂ ಮಾಡಿಲ್ಲಪ್ಪ. ಸೊಟ್ಟಗಿದ್ವು, ನೆಟ್ಟಗೆ ಮಾಡ್ದೆ."

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಅಂದಿನಿಂದ ಶುರುವಾಯಿತು, ಪುಟ್ಟ ಮಿಕ್ಸರಿನ ಹುಡುಕಾಟ. ಎಂಟು ತಿಂಗಳು ನಡೆಯಿತು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಪಟ್ಟಿ. ಇದರದ್ದು ಗುಂಡಿ ಸಡಿಲ, ಅದರದ್ದು ಅಕ್ಷರ ಸಣ್ಣದು, ಮತ್ತೊಂದಕ್ಕೆ ಒಂದೇ ಮೈಕು ಹಾಕಬಹುದು.

"ಒಂದು ಮೈಕು ಸಾಲದಾ? ನಿಂಗಿರೋದು ಒಂದೇ ಬಾಯಲ್ವಾ?" ಎಂದು ತಂಗಿ ಕೇಳಿದ್ದಳು.

"ಮನೇಲಿ ಎಷ್ಟಿದೆ ಎಣ್ಸು," ಎಂದಿದ್ದಳು ಅಕ್ಕ.

ತಾನು ಬಾಯಿಬಡುಕಿ ಎಂದು ಚುಚ್ಚಿದಳೆಂದುಕೊಂಡು ತಂಗಿ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು.

*

ಸ್ಮಶಾನದಿಂದ ಹಿಂದಿರುಗಿದಾಗ ಮಧ್ಯಾಹ್ನ ಎರಡು ದಾಟಿತ್ತು. ಅಣ್ಣ ಕುರ್ಚಿಯಲ್ಲೇ ತೂಕಡಿಸಿದ. ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ಅತ್ತಿಗೆ ಅಡುಗೆಮನೆ ಹೊಕ್ಕು ಚಹಾಕ್ಕೆ ನೀರಿಟ್ಟರು. ಅಷ್ಟರಲ್ಲಿ ಗೇಟಿನ ಬಳಿ ಕೋಲು ತಟ್ಟಿದ ಸದ್ದಾಯಿತು. ಕಪ್ಪು ಕನ್ನಡಕದ ಎತ್ತರದ ಗಂಡಸೊಬ್ಬರು, ಅವರ ತೋಳು ಹಿಡಿದುಕೊಂಡು ದುಂಡಗಿನ ಹೆಂಗಸೊಬ್ಬರು ನಿಂತಿದ್ದರು. ಇಬ್ಬರಿಗೂ ಕಣ್ಣಿಲ್ಲ.

"ಮೆಟ್ಟಿಲಿದೆ, ನಿಧಾನ. ಎರಡನೇದು ಸ್ವಲ್ಪ ಮುರಿದಿದೆ," ಎಂದಳು ತಂಗಿ.

ಗಂಡಸು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಮುಖ ಅರಳಿತು.

"ಗಡಿಬಿಡಿ ಅಂದ್ರೆ ನೀವೇ ಅಲ್ವಾ?"

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಲೋಕದಲ್ಲಿ ಅಕ್ಕ ಒಬ್ಬಳೇ.

"ನಿಮಗೆ ಹ್ಯಾಗೆ ಗೊತ್ತು?"

"ಗೊತ್ತಿಲ್ದೆ ಏನಮ್ಮ. ನಾನು ಇತಿಹಾಸ ಹೇಳಿಕೊಡೋ ಮೇಷ್ಟ್ರು. ಇವರು ಕಣ್ಣು ಹೋಗೋವರೆಗೆ ಹೊಲಿಗೆ ಮಾಡ್ತಿದ್ರು. ನಿಮ್ಮಕ್ಕನ ಓದು ಆರು ವರ್ಷದಿಂದ ಕೇಳ್ತಿದೀವಿ. ಅಂದ್ಮೇಲೆ ನಿಮ್ಮನ್ನೂ ಕೇಳಿದ ಹಾಗೇ ಆಯ್ತಲ್ಲ."

ಹೊಲಿಗೆಯವರು ಕುರ್ಚಿ ತಡವಿ ಕೂತರು. "ಹೋದ ವರ್ಷದ ಪತ್ತೇದಾರಿ ಕತೇಲಿ, ಹೆಣ ಸಿಕ್ಕಿದ ತಕ್ಷಣ ನೀವು 'ಅಕ್ಕಾ, ನನ್ನ ಕನ್ನಡಕ ಕಂಡ್ಯಾ' ಅಂದ್ರಿ ನೋಡಿ. ನಾನದನ್ನ ಸುಳಿವು ಅಂದ್ಕೊಂಡು ಕೊನೇ ಪುಟದವರೆಗೂ ಕನ್ನಡಕ ಹಾಕಿರೋ ಕೊಲೆಗಾರನ್ನ ಹುಡುಕಿದೆ."

"ಕೊನೆಗೆ ಎಲ್ಲಿ ಸಿಕ್ತು ಅದು?" ಎಂದು ಮೇಷ್ಟ್ರು ವಿಚಾರಿಸಿದರು.

"ತಲೆ ಮೇಲೇ ಇತ್ತು," ಎಂದಳು ತಂಗಿ.

ಇಬ್ಬರೂ ನಕ್ಕರು. ಅಣ್ಣ ಎಚ್ಚರಾಗಿ, ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ತಾನೂ ಸ್ವಲ್ಪ ನಕ್ಕು ಮತ್ತೆ ಕಣ್ಣು ಮುಚ್ಚಿದ. ತಂಗಿಗೆ ಮಾತ್ರ ನಗು ಬರಲಿಲ್ಲ. ಅವಳು ಕುರ್ಚಿಯ ಅಂಚಿಗೆ ಸರಿದಳು.

"ಅದನ್ನೆಲ್ಲ ಅಕ್ಕ ಆಮೇಲೆ ಕತ್ತರಿಸಿ ಕಳಿಸ್ತಾಳೆ ಅಂದ್ಕೊಂಡಿದ್ದೆ."

"ಕತ್ತರಿಸೋರು. ತಮ್ಮ ಕೆಮ್ಮು ಒಂದನ್ನೂ ಬಿಡ್ತಿರಲಿಲ್ಲ. ನಿಮ್ಮ ಪಾತ್ರೆ ಸದ್ದು ಒಂದನ್ನೂ ತೆಗೀತಿರಲಿಲ್ಲ. ಒಬ್ಬರೇ ಇರೋ ಮನೇಲಿ ಕೂತು ಕೇಳೋರು ನಾವು. ಇನ್ನೊಂದು ಮನೇಲಿ ಯಾರೋ ಓಡಾಡ್ತಿದಾರೆ ಅಂದ್ರೆ..." ಮೇಷ್ಟ್ರು ವಾಕ್ಯ ಮುಗಿಸದೆ ಕೋಲನ್ನು ಮಡಿಲಲ್ಲಿ ಸರಿಮಾಡಿಕೊಂಡರು. "ಕೊನೇ ಎರಡು ದಿನದ ಓದಲ್ಲಿ ನೀವು ಕೇಳ್ಸಲೇ ಇಲ್ಲ. ಹುಷಾರಿಲ್ವಾ ಅಂತ ನಿಮ್ಮಕ್ಕನಿಗೆ ಫೋನು ಮಾಡಿದ್ದೆ."

*

ಆ ಎರಡು ದಿನದ ಹಿಂದಿನ ಸಂಜೆ ಅವಳ ಕೈಯಿಂದ ದೊಡ್ಡ ಮುಚ್ಚಳ ಜಾರಿತ್ತು. ಅದು ಬಿದ್ದು ಸುಮ್ಮನಾಗುವ ಮುಚ್ಚಳವಲ್ಲ; ನೆಲದ ಮೇಲೆ ಗಿರಗಿರ ಸುತ್ತಿ, ಮುಗಿಯಿತು ಎನ್ನುವಾಗ ಇನ್ನೊಂದು ಸುತ್ತು ಹಾಕುವಂಥದ್ದು. ಅಕ್ಕ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು.

"ಒಂದು ಗಂಟೆ ಸುಮ್ನಿರೋಕೆ ಏನು ತಗೋತೀಯ ಹೇಳು. ಕತೇಲಿ ವಿಷದ ಬಾಟ್ಲಿ ಈಗ ತಾನೇ ಸಿಕ್ಕಿತ್ತು ಕಣೇ."

ಮರುದಿನದಿಂದ ನಾಲ್ಕು ಹೊಡೆದ ಕೂಡಲೇ ತಂಗಿ ಸ್ಟೂಲು ಹತ್ತಿ ಕೂತಳು. ನಲ್ಲಿ ತಿರುಗಿಸಲಿಲ್ಲ. ಸೀನು ಬಂದರೆ ಮೂಗು ಹಿಡಿದುಕೊಂಡಳು. ಎರಡನೆಯ ದಿನ ಅಕ್ಕ ಬಾಗಿಲಲ್ಲಿ ತಲೆ ಹಾಕಿದಳು.

"ಮನೇಲಿದೀಯಾ?"

"ಇದೀನಿ. ಸದ್ದು ಬೇಡ ಅಂದ್ಯಲ್ಲ."

ಅಕ್ಕ ನಕ್ಕಿದ್ದಳು. "ಇರು, ಇನ್ನೇನು ಸಾಮಾನು ಬರುತ್ತೆ. ಆಮೇಲೆ ನೋಡೋಣ ನಿನ್ನ ಮೌನಾನ."

ಮೂರನೆಯ ದಿನ, ಮೊನ್ನೆಯೂ, ಅವಳು ಬಿಗುಮಾನ ಬಿಡದೆ ಸ್ಟೂಲಿನ ಮೇಲೆಯೇ ಕೂತಳು. ಮುಚ್ಚಳ ಬೀಳಿಸಿದ್ದರೆ ಅಕ್ಕ ಬೈಯಲು ಎದ್ದು ಬರುತ್ತಿದ್ದಳು. ಎದ್ದು ಬರದಿದ್ದರೆ, ಏನೋ ಆಗಿದೆ ಎಂದು ತಾನು ಓಡುತ್ತಿದ್ದಳು. ಮೊನ್ನೆಯಿಂದ ಅವಳ ತಲೆಯಲ್ಲಿ ಆ ಬೀಳದ ಮುಚ್ಚಳವೇ ಸುತ್ತುತ್ತಿತ್ತು.

*

ಮೂರೂವರೆಗೆ ಕಂಕುಳಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದವರು ಧ್ವನಿ ಉಪಕರಣದ ಅಂಗಡಿಯವರು. ಬಾಗಿಲಲ್ಲಿ ಕುರ್ಚಿಗಳ ಸಾಲು ಕಂಡು ತಬ್ಬಿಬ್ಬಾದರು. ವಿಷಯ ತಿಳಿದು, ಪೆಟ್ಟಿಗೆಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಅದನ್ನು ಅಪ್ಪಿಕೊಂಡೇ ಕೂತರು.

"ನಿಮ್ಮಕ್ಕನ ಹಾಗೆ ಮಿಕ್ಸರ್ ಆರಿಸಿದೋರನ್ನ ನನ್ನ ಸರ್ವಿಸಲ್ಲೇ ನೋಡಿಲ್ಲಮ್ಮ. ಬೇರೆಯವರು ಬಂದು ಹಾಡು ಹಾಕಿಸಿ ಕೇಳ್ತಾರೆ. ಇವರು ಚೀಲದಿಂದ ಒಂದು ಬಟ್ಟೆ ತೆಗೆದು, ಅಂಗಡೀಲಿರೋ ಮಿಕ್ಸರೆಲ್ಲ ಒರೆಸಿದ್ರು."

"ಒರೆಸಿದ್ಲಾ?"

"ಒಂದೊಂದನ್ನೂ. ಗಸಗಸ ಅಂತ. ಒರೆಸೋದು, ಬಗ್ಗಿ ಗುಂಡಿ ನೋಡೋದು, 'ಇದು ತಿರುಗಿತು, ಬೇಡ' ಅನ್ನೋದು. ಬಂದಷ್ಟೂ ಸಲ ಅದೇ ಪರೀಕ್ಷೆ. ನಾನೇ ತಡೀಲಾರದೆ ಕೇಳ್ದೆ, ಯಾಕಮ್ಮ ಅಂತ. 'ನನ್ನ ತಂಗಿ ಇದಕ್ಕಿಂತ ಜೋರಾಗಿ ಒರೆಸ್ತಾಳೆ. ಅವಳನ್ನ ಬದಲಾಯಿಸೋಕಾಗಲ್ಲ, ಮಿಕ್ಸರ್ ಬದಲಾಯಿಸ್ಬೇಕು' ಅಂದ್ರು."

ಅಡುಗೆಮನೆಯಿಂದ ಅತ್ತಿಗೆ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಅಂಗಡಿಯವರು ಪೆಟ್ಟಿಗೆ ಬಿಚ್ಚಿದರು. ಎರಡು ಅಂಗೈ ಸೇರಿಸಿದಷ್ಟೇ ಅಗಲದ ಮಿಕ್ಸರು. ಬೆರಳೆಣಿಕೆಯ ಗುಂಡಿಗಳು, ಗಟ್ಟಿಯಾಗಿ ಕೂತಿದ್ದವು. ಅದರ ಮೇಲೆ, ಗೀರು ಬೀಳದಿರಲೆಂದು ಹೊದಿಸಿದ ಹಾಗೆ, ನಾಲ್ಕು ಮಡಿಕೆಯ ಹಳದಿ ಬಟ್ಟೆ.

"ಎರಡು ವಾರದ ಹಿಂದೆ ಇದನ್ನ ಆರಿಸಿದ ಖುಷೀಲಿ ಬಟ್ಟೆ ಅಲ್ಲೇ ಮರೆತು ಹೋಗಿದ್ರು."

ತಂಗಿ ಬಟ್ಟೆಯನ್ನು ಎತ್ತಿಕೊಂಡಳು. ಅದರ ಕೆಳಗೆ ಎರಡು ಗುಂಡಿಗಳ ಬುಡದಲ್ಲಿ ಬಿಳಿ ಪಟ್ಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮೊದಲನೆಯದು 'ಓದು'. ಎರಡನೆಯದು 'ಅಡುಗೆಮನೆ'.

"ಇದೇನು?"

"ಎರಡನೇ ಮೈಕು. ಉದ್ದದ ವೈರೂ ತಂದಿದೀನಿ, ಬಾಗಿಲಿಗೆ ಸಿಕ್ಕದ ಹಾಗೆ ಗೋಡೆಗುಂಟ ಹೊಡೀಬೇಕು ಅಂದಿದ್ರು. ನಿಮ್ಮ ಮಾತು ದೂರದಿಂದ ಬರುತ್ತೆ, ಅರ್ಧ ಕೇಳ್ಸಲ್ಲ ಅಂತ ಜನರ ದೂರಂತೆ. ಇದರಲ್ಲಾದ್ರೆ ನಿಮ್ಮ ಗುಂಡಿ ಬೇರೆ. 'ಕೊಲೆ ಆಗುವಾಗ ಕಮ್ಮಿ ಮಾಡ್ತೀನಿ, ಮಿಕ್ಕ ಹೊತ್ತು ಇರ್ಲಿ' ಅಂದ್ರು."

ತಂಗಿ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅಳು ಬಂತು, ನಗು ಬಂತು, ಎರಡೂ ಒಂದೇ ಸಲ ಬಂದು ಬಿಕ್ಕಳಿಕೆಯಾಯಿತು. ಬಿಕ್ಕಳಿಕೆ ನಿಲ್ಲುವವರೆಗೆ ಕಾದು, ಹೊಲಿಗೆಯವರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

"ಕೇಳ್ಬಾರದು ಈ ಹೊತ್ತಲ್ಲಿ. ಈಗ ಓದ್ತಿದ್ದ ಕತೆ ಇನ್ನೆರಡು ಅಧ್ಯಾಯ ಉಳಿದಿದೆ. ಕೊಲೆ ಮಾಡಿದ್ದು ಡಾಕ್ಟರೇ ಅಂತ ನಾನು."

"ಅಲ್ಲ, ತೋಟದ ಮಾಲಿ," ಎಂದರು ಮೇಷ್ಟ್ರು.

"ಬರೀ ಹೆಸರು ನೋಡಿ ಹೇಳಿದ್ರೂ ಸಾಕು," ಎಂದರು ಹೊಲಿಗೆಯವರು.

"ಹೆಸರು ಹೇಳ್ಬೇಡಿ. ಓದಿದ್ರೆ ಪೂರ್ತಿ ಓದಿ."

"ನಾನಾ?" ತಂಗಿ ಬಾಯಿಂದ ಬಟ್ಟೆ ತೆಗೆದಳು. "ನನಗೆ ನಾಲಿಗೆ ತೊಡರುತ್ತೆ. ಅಕ್ಕನ ದನಿ ಎಲ್ಲಿ, ನಂದೆಲ್ಲಿ. ಇನ್ನೂರು ಜನ ಕೇಳೋದಲ್ವಾ?"

"ಆರು ವರ್ಷದಿಂದ ಕೇಳ್ತಾನೇ ಇದಾರಲ್ಲಮ್ಮ," ಎಂದರು ಮೇಷ್ಟ್ರು.

ಅವಳು ಗಡಿಯಾರ ನೋಡಿದಳು. ನಾಲ್ಕಕ್ಕೆ ಹತ್ತು ನಿಮಿಷ.

ಅಂಗಡಿಯವರು ಚಪ್ಪಲಿ ಬಿಟ್ಟು ಓದಿನ ಕೋಣೆಯೊಳಗೆ ಬಂದು, ದೊಡ್ಡ ಮಿಕ್ಸರನ್ನು ಅಣ್ಣನ ಸಹಾಯದಿಂದ ಪಕ್ಕಕ್ಕೆ ಸರಿಸಿ, ಪುಟ್ಟದನ್ನು ಕೂಡಿಸಿದರು. ವೈರು ಗೋಡೆಗುಂಟ ಹೋಯಿತು. ಎರಡನೇ ಮೈಕನ್ನು ಅಡುಗೆಮನೆಯ ಕಪಾಟಿನ ಹಿಡಿಗೆ ಕಟ್ಟುವಾಗ ಅತ್ತಿಗೆ ಪೇಚಾಡಿದರು. "ನಾನಿನ್ನು ಲೋಟ ತೊಳೀಬಾರ್ದಾ?"

"ತೊಳೀರಿ ಅತ್ತಿಗೆ," ಎಂದು ತಂಗಿ ಕೋಣೆಯಿಂದ ಕೂಗಿ ಹೇಳಿದಳು. "ಯಾವಾಗ್ಲೂ ತೊಳೆಯೋ ಹಾಗೇ ತೊಳೀರಿ."

ಅಕ್ಕ ಗುರುತಿಗಿಟ್ಟಿದ್ದ ಕಡ್ಡಿ ಪುಸ್ತಕದಲ್ಲಿ ಹಾಗೇ ಇತ್ತು. ಹೊಲಿಗೆಯವರೂ ಮೇಷ್ಟ್ರೂ ರಜಾಯಿಯ ಗೋಡೆಗೆ ಒರಗಿ ಕೂತರು. ತಂಗಿ ಕನ್ನಡಕಕ್ಕಾಗಿ ಮೇಜು ತಡವಿದಳು, ಆಮೇಲೆ ತಲೆ ಮುಟ್ಟಿ ನೋಡಿಕೊಂಡು, ಅಲ್ಲಿಂದ ಕೆಳಗಿಳಿಸಿದಳು. ಮೊದಲ ಸಾಲಿನಲ್ಲಿ ಎರಡು ಸಲ ಎಡವಿದಳು. ಮೂರನೆಯ ಸಾಲಿನ ಹೊತ್ತಿಗೆ ಕತೆಯೇ ಅವಳನ್ನು ಎಳೆದುಕೊಂಡಿತು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿದ. ಬಾಗಿಲು ಹಾಕಿದ. ಡಾಕ್ಟರ ಕಡೆ ತಿರುಗಿದ.

ಅಡುಗೆಮನೆಯಲ್ಲಿ ಮುಚ್ಚಳ ಜಾರಿತು.

'ಅಡುಗೆಮನೆ'ಯ ಮೇಲಿನ ಪುಟ್ಟ ಹಸಿರು ದೀಪ ನೆಗೆದೆದ್ದು ಕುಣಿಯತೊಡಗಿತು. ಮುಚ್ಚಳ ಗಿರಗಿರ ಸುತ್ತಿತು, ಮುಗಿಯಿತು ಎನ್ನುವಾಗ ಇನ್ನೊಂದು ಸುತ್ತು ಹಾಕಿತು. ತಂಗಿಯ ಬೆರಳು ಆ ಗುಂಡಿಯವರೆಗೆ ಹೋಯಿತು. ಅದರ ಮೇಲೆ ಕೂತಿದ್ದ ಒಂದು ಚೂರು ಧೂಳನ್ನು ಹಳದಿ ಬಟ್ಟೆಯಿಂದ ಒರೆಸಿ, ಹಿಂದಕ್ಕೆ ಬಂದು, ಪುಟ ತಿರುಗಿಸಿತು. ಗುಂಡಿಯ ಬಿಳಿ ಗೆರೆ ಇದ್ದಲ್ಲೇ, ಸೊಟ್ಟಗೆ, ಇತ್ತು.