ಕೊಟ್ಟಿಗೆಗೆ ಮೂರು ಸುತ್ತು

ಲೆನ್ಸಣ್ಣನಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಒಂದೇ, ಗುಡ್ಡದ ಮೇಲಿನ ಜಲ್ಲಿ ದಾರಿ. ಮುಖ್ಯರಸ್ತೆಯ ಕನ್ನಡಕದಂಗಡಿ ಅಪ್ಪ ಇಟ್ಟದ್ದು, ಅದನ್ನು ನಡೆಸುವ ಬುದ್ಧಿ ತಂಗಿಯದು, ಬೊಕ್ಕತಲೆ ತಾತನಿಂದ ಬಂದದ್ದು. ದಾರಿ ಮಾತ್ರ ಅವನದೇ. ಡಾಂಬರು ಕಾಣದ ಬಂಡಿಜಾಡು, ಕಲ್ಲುಗಣಿಯವರು ಬಿಟ್ಟುಹೋದ ರಸ್ತೆ, ಬೇಲಿಯಂಚಿನ ಕಾಲುಹಾದಿ, ಇವನ್ನೆಲ್ಲ ಭಾನುವಾರ ತಪ್ಪದೆ ತುಳಿದು, ಒಂದಕ್ಕೊಂದು ಗಂಟುಹಾಕಿ, ಮೊಬೈಲಿನ ನಕ್ಷೆಗೆ ಕೆಂಪು ಗೆರೆಯಾಗಿ ಏರಿಸಿದ್ದ. ದಪ್ಪ ಟೈರಿನ ಸೈಕಲ್ಲಿನವರು ಎಲ್ಲೆಲ್ಲಿಂದಲೋ ಬಂದು ಆ ಗೆರೆ ಹಿಡಿದು ಗುಡ್ಡ ಹತ್ತುತ್ತಿದ್ದರು. ಸಂಜೆ ಮೊಣಕಾಲು ತರಚಿಕೊಂಡು, ಕಿವಿಯೊಳಗೆಲ್ಲ ಧೂಳು ತುಂಬಿಕೊಂಡು, "ಸ್ವರ್ಗ ಸಾರ್, ಸ್ವರ್ಗ" ಎನ್ನುತ್ತ ಇಳಿಯುತ್ತಿದ್ದರು.

ಆ ಸ್ವರ್ಗದಲ್ಲಿ ಒಂದು ವಿಚಿತ್ರವಿತ್ತು. ನೆತ್ತಿಯ ಹತ್ತಿರ ಒಂಟಿ ಮನೆಯೊಂದರ ಅಂಗಳಕ್ಕೆ ಬಂದಾಗ ಗೆರೆ ನೆಟ್ಟಗೆ ಮುಂದೆ ಹೋಗುತ್ತಿರಲಿಲ್ಲ. ಹುಲ್ಲಿನ ಕೊಟ್ಟಿಗೆಗೆ ಮೂರು ಸುತ್ತು ಹಾಕಿ, ಕೋಸಿನ ಪಾತಿಯ ನಡುವೆ ನುಗ್ಗಿ, ಆಮೇಲೆ ಏನೂ ಆಗದವರ ಹಾಗೆ ಗೇಟು ದಾಟುತ್ತಿತ್ತು.

ನಡೆದದ್ದು ಇಷ್ಟೇ. ದಾರಿಯನ್ನು ನಕ್ಷೆಗೆ ಇಳಿಸಲು ಹೋದ ದಿನ ಲೆನ್ಸಣ್ಣ ಆ ಅಂಗಳಕ್ಕೆ ಬಂದಾಗ ಕೊಟ್ಟಿಗೆಯ ಹಿಂದಿನಿಂದ ಒಂದು ಗಂಡು ಹೆಬ್ಬಾತು ಕತ್ತು ಚಾಚಿಕೊಂಡು ಎದುರಾಯಿತು. ಲೆನ್ಸಣ್ಣ ಪೆಡಲು ತುಳಿದ. ಅದು ರೆಕ್ಕೆ ಬಿಚ್ಚಿತು. ಗೇಟಿನ ಕಡೆ ತಿರುಗಿದಾಗಲೆಲ್ಲ ಅದು ಅಡ್ಡ ಬರುತ್ತಿತ್ತು, ಇವನು ಮತ್ತೆ ಕೊಟ್ಟಿಗೆ ಸುತ್ತುತ್ತಿದ್ದ. ಮೂರನೆಯ ಸುತ್ತಿಗೆ ಮರ್ಯಾದೆ ಬಿಟ್ಟು ಕೋಸಿನ ಪಾತಿಗೆ ಸೈಕಲ್ ನುಗ್ಗಿಸಿ ಪಾರಾದ. ಹ್ಯಾಂಡಲ್ಲಿಗೆ ಕಟ್ಟಿದ್ದ ಮೊಬೈಲು ಇದೆಲ್ಲವನ್ನೂ ಶ್ರದ್ಧೆಯಿಂದ ಗೆರೆ ಎಳೆದು ಇಟ್ಟುಕೊಂಡಿತು.

ಅಳಿಸಬಹುದಿತ್ತು. ಆದರೆ ಅವನು ನೋಡಿಕೊಳ್ಳುವ ಮೊದಲೇ ಊರಿನ ಸೈಕಲ್ ಕ್ಲಬ್ಬಿನವರು ನೋಡಿದ್ದರು.

"ಈ ಮೂರು ಸುತ್ತು ಯಾಕೆ ಲೆನ್ಸಣ್ಣ?"

ಬಾಯಿ ತನ್ನಷ್ಟಕ್ಕೆ ತಾನು ಮಾತಾಡಿಬಿಟ್ಟಿತು. "ಅದು ತಿರುವಿನ ಅಭ್ಯಾಸ. ಹ್ಯಾಂಡಲ್ ಹದ ಗೊತ್ತಾಗೋದೇ ಅಲ್ಲಿ."

"ಮತ್ತೆ ಕೋಸು?"

"ಮೆತ್ತನೆ ನೆಲದ ಅಭ್ಯಾಸ."

ಅಂದಿನಿಂದ ಬಂದವರೆಲ್ಲ ಮುಖ ಬಿಗಿದುಕೊಂಡು ಕೊಟ್ಟಿಗೆ ಸುತ್ತಿದರು. ಎರಡೇ ಸುತ್ತಿಗೆ ಬಿಟ್ಟವನನ್ನು ಗೆಳೆಯರು ಸಂಜೆಯವರೆಗೆ ಆಡಿಕೊಂಡರು. ಲೆನ್ಸಣ್ಣ ಮಾತ್ರ ಮಂಡಿನೋವು ಎಂದು ಹೇಳಿ ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬ ಅಜ್ಜಿ ಬಂದಳು. ಕೈಯಲ್ಲಿ ಕೋಲು, ಕಾಲಲ್ಲಿ ರಬ್ಬರು ಬೂಟು, ದನಿ ಗುಡ್ಡದಿಂದ ಗುಡ್ಡಕ್ಕೆ ಮಾತಾಡಿ ಬೆಳೆದದ್ದು.

"ಕಣ್ಣು ಮಂಜು ಕಣೋ ಮಗಾ. ಒಳ್ಳೇ ಕನ್ನಡಕ ಮಾಡಿಕೊಡು. ನಾನೊಬ್ಬನ್ನ ಗುರುತು ಹಿಡೀಬೇಕು."

ಲೆನ್ಸಣ್ಣ ನಗುತ್ತ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಏರಿಸಿದ. "ಯಾರನ್ನ ಅಜ್ಜಿ?"

"ನನ್ನ ಕೊಟ್ಟಿಗೆ ಸುತ್ತಿದವನ್ನ."

ಅವನ ಕೈಯಲ್ಲಿದ್ದ ಗಾಜು ಜಾರಿ ಮಖಮಲ್ಲಿನ ತಟ್ಟೆಗೆ ಬಿತ್ತು. ಪರದೆಯ ಆಚೆ ಗಾಜು ಅರೆಯುತ್ತಿದ್ದ ಯಂತ್ರ ನಿಂತಿತು. ತಂಗಿ ಕಿವಿ ನೆಟ್ಟಗೆ ಮಾಡಿದಳು ಎಂದು ಅರ್ಥ.

"ಮೊದಲು ಒಬ್ಬನೇ ಬಂದಿದ್ದ. ನಮ್ಮ ಮ್ಯಾನೇಜರ್ ಅವನನ್ನ ಅಟ್ಟಿಸ್ಕೊಂಡು ಹೋದ..."

"ಮ್ಯಾನೇಜರ್ ಅಂದ್ರೆ?"

"ನಮ್ಮ ಹೆಬ್ಬಾತು. ಕೆಲಸ ಏನೂ ಮಾಡಲ್ಲ, ಎಲ್ಲರ ಮೇಲೂ ಕೂಗಾಡ್ತಾನೆ. ಅದಾದ್ಮೇಲೆ ನೋಡು, ಪ್ರತಿ ಭಾನುವಾರ ದಂಡುದಂಡಾಗಿ ಬಂದು ಸುತ್ತೋದೇ ಸುತ್ತೋದು! ನಾನು ಬಾಯಿಗೆ ಬಂದ ಹಾಗೆ ಬೈತೀನಿ, ಅವರು ಕೈ ಬೀಸಿ ನಗ್ತಾರೆ. ಕೋಸು ಚಟ್ನಿ ಆಗೋಯ್ತು. ಗಲಾಟೆ ಬೇಡ ಅಂತ ಮ್ಯಾನೇಜರನ್ನ ಒಳಗೆ ಕೂಡಿ ಹಾಕಿದ್ರೆ, ಅವನು ಮುನಿಸ್ಕೊಂಡು ಕಾಳು ಮುಟ್ಟಲ್ಲ. ಆ ಮೊದಲನೆಯವನು ಬಂದು ಎಲ್ಲರ ಮುಂದೆ ತಪ್ಪಾಯ್ತು ಅನ್ನಬೇಕು. ಇಲ್ಲಾಂದ್ರೆ ಗೇಟಿಗೆ ಬೀಗ. ದಾರಿ ನನ್ನ ಜಾಗದಲ್ಲಿದೆ, ತಿಳ್ಕೋ."

ಆ ಗೇಟು ಮುಚ್ಚಿದರೆ ಗುಡ್ಡ ದಾಟಲು ಬೇರೆ ದಾರಿಯಿಲ್ಲ. ಕೆಳಗಿನ ಡಾಂಬರು ರಸ್ತೆಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ಹೋಗಬೇಕು. ಲೆನ್ಸಣ್ಣನ ದಾರಿ ಅಲ್ಲಿಗೆ ಮುಗಿದಂತೆ.

"ಮುಖ ನೋಡಿದ್ರಾ?"

"ಎಲ್ಲಿ ಕಾಣುತ್ತೆ, ಮಂಜು ಮಂಜು. ಬೆನ್ನು ನೋಡಿದ್ದು. ಆ ಬೆನ್ನು ಇನ್ನೊಂದ್ಸಲ ಕಂಡ್ರೆ ಬಿಡಲ್ಲ."

ಲೆನ್ಸಣ್ಣ ಕಣ್ಣು ಪರೀಕ್ಷಿಸಿದ. "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ?" ಎಂದು ಗಾಜು ಬದಲಿಸಿ ಬದಲಿಸಿ ಕೇಳುವಾಗ ಅವನ ಬೆನ್ನು ಗೋಡೆಗೆ ಅಂಟಿಕೊಂಡೇ ಇತ್ತು. ಕೊನೆಗೆ, "ಈ ನಂಬರಿನ ಲೆನ್ಸ್ ಹೊರಗಿಂದ ಬರಬೇಕು ಅಜ್ಜಿ, ತಡ ಆಗುತ್ತೆ" ಎಂದ.

"ಡ್ರಾಯರಲ್ಲೇ ಇದೆಯಲ್ಲೋ ಅಣ್ಣಾ," ಪರದೆಯ ಆಚೆಯಿಂದ ದನಿ ಬಂತು.

"ಅದು ಬೇರೆ!"

ಅಜ್ಜಿ ನಿಟ್ಟುಸಿರು ಬಿಟ್ಟು ಎದ್ದಳು. ಬಾಗಿಲ ಬಳಿ ಶೋಕೇಸಿನಲ್ಲಿ ತಂಪು ಕನ್ನಡಕ ಹಾಕಿಕೊಂಡಿದ್ದ ಪ್ಲಾಸ್ಟಿಕ್ ತಲೆಯ ಮುಂದೆ ನಿಂತು, "ಬರ್ತೀನಮ್ಮ, ನಿಮ್ಮಣ್ಣನಿಗೆ ಸ್ವಲ್ಪ ಬೇಗ ಮಾಡೋಕೆ ಹೇಳು" ಎಂದಳು. ಉತ್ತರ ಬಾರದಿದ್ದಾಗ, "ಪಾಪ, ನಾಚಿಕೆ ಹುಡುಗಿ" ಎಂದು ಹೊರಟಳು.

ತಂಗಿ ಪರದೆ ಸರಿಸಿದಳು. ಇಪ್ಪತ್ತು ವರ್ಷದಿಂದ ಅವಳನ್ನು ನಾಚಿಕೆ ಹುಡುಗಿ ಎಂದವರು ಯಾರೂ ಇರಲಿಲ್ಲ. ಅಂಥದ್ದರಲ್ಲೂ ಅವಳು ನಗಲಿಲ್ಲ.

"ಅಪ್ಪ ಇದ್ದಿದ್ರೆ ಏನಂತಿದ್ರು?"

"ಗೊತ್ತು ಕಣೇ, ಸುಮ್ನಿರು."

"ಹೆಬ್ಬಾತಿಗೆ ಹೆದರಿದ್ದಕ್ಕೆ ನಿನ್ನನ್ನ ಬೈತಿರಲಿಲ್ಲ. ಕಣ್ಣು ಕಾಣದವರನ್ನ ಕಾಯಿಸಿದ್ದಕ್ಕೆ ಬೈತಿದ್ರು."

ಲೆನ್ಸಣ್ಣ ಅಜ್ಜಿಯನ್ನು ಕೂಗಿ ಕರೆದ. ಡ್ರಾಯರಿನಿಂದ ಗಾಜು ತೆಗೆದು ತಾನೇ ಯಂತ್ರದ ಮುಂದೆ ಕುಳಿತು ಅರೆದ, ಸಣ್ಣ ಸ್ಕ್ರೂ ಬಿಗಿದ, ಕಿವಿಯ ಹಿಂದಿನ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿದ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹೊಸೆಯುವವನು ಅಷ್ಟು ನಾಜೂಕಾಗಿ ಹೊಸೆದದ್ದು ಅಪರೂಪ. ಅಜ್ಜಿ ಕನ್ನಡಕ ಏರಿಸಿ, ಮೊದಲು ಶೋಕೇಸಿನ ತಲೆಯನ್ನು, ಆಮೇಲೆ ತಂಗಿಯನ್ನು ನೋಡಿ, ಯಾರಿಗೂ ಏನೂ ಹೇಳದೆ ಹೋದಳು.

ಭಾನುವಾರ ಮಂಡಿನೋವಿನ ನೆಪ ನಡೆಯಲಿಲ್ಲ. ತಂಗಿಯೇ ಒಳಕೋಣೆಯ ಗೋಡೆಯಿಂದ ಸೈಕಲ್ ಇಳಿಸಿ, ಗಾಳಿ ಹೊಡೆದು, ಬಾಗಿಲಿಗೆ ತಂದು ನಿಲ್ಲಿಸಿದ್ದಳು.

ಗುಡ್ಡದ ಗೇಟು ಅರ್ಧ ಮುಚ್ಚಿತ್ತು. ಸರಪಳಿ, ಬೀಗ, ಅಜ್ಜಿ, ಅಜ್ಜಿಯ ಮೂಗಿನ ಮೇಲೆ ಲೆನ್ಸಣ್ಣನ ಕೈಕೆಲಸ, ಎಲ್ಲವೂ ಫಳಫಳ ಹೊಳೆಯುತ್ತಿದ್ದವು.

"ಓ, ನೀನೂ ಬಂದ್ಯಾ ಮಗಾ? ಒಳ್ಳೇದಾಯ್ತು. ಇಲ್ಲಿ ನನ್ನ ಪಕ್ಕ ಕೂತ್ಕೋ, ಸಾಕ್ಷಿಗೆ ಬೇಕಾಗ್ತೀಯ. ಉಳಿದವರೆಲ್ಲ ಇಳೀರಿ. ಸಾಲಾಗಿ ನಿಲ್ಲಿ. ಮುಖ ಬೇಡ, ಆ ಕಡೆ ತಿರುಗಿ!"

ಹೆಲ್ಮೆಟ್ಟು ಹಾಕಿದ ದೊಡ್ಡ ದೊಡ್ಡ ಮನುಷ್ಯರು ತಪ್ಪು ಮಾಡಿದ ಶಾಲೆ ಮಕ್ಕಳ ಹಾಗೆ ಬೇಲಿಯ ಕಡೆ ಮುಖ ಮಾಡಿ ನಿಂತರು. ಲೆನ್ಸಣ್ಣ ಕಲ್ಲುಬೆಂಚಿನ ಮೇಲೆ ಕುಳಿತ. ಅಜ್ಜಿ ಒಂದೊಂದೇ ಬೆನ್ನು ನೋಡುತ್ತ ಹೋದಳು. ಕ್ಲಬ್ಬಿನ ಜೆರ್ಸಿಯಲ್ಲಿ ಬೆನ್ನುಗಳೆಲ್ಲ ಒಂದೇ ಥರ.

"ಆಗಲ್ಲ, ಮ್ಯಾನೇಜರನ್ನೇ ಕರೀಬೇಕು. ಅವನಿಗೆ ಕನ್ನಡಕ ಬೇಡ."

"ಮ್ಯಾನೇಜರ್" ಎಂದೊಡನೆ ಸಾಲಿನ ತುದಿಯಲ್ಲಿದ್ದ ಬ್ಯಾಂಕಿನ ಕ್ಯಾಷಿಯರ್ ನೆಟ್ಟಗಾದರು. ಕೆಲಸದಲ್ಲಿ ಬಂದ ಅಭ್ಯಾಸ.

ಕೊಟ್ಟಿಗೆ ಬಾಗಿಲು ತೆರೆಯಿತು. ಹೆಬ್ಬಾತು ಹೊರಗೆ ಬಂದು, ತಪಾಸಣೆಗೆ ಬಂದ ಅಧಿಕಾರಿಯಂತೆ ಸಾಲಿನ ಉದ್ದಕ್ಕೂ ನಡೆದು, ತುದಿಗೆ ಬಂದು, ಕ್ಯಾಷಿಯರರ ಜೆರ್ಸಿಯ ಬೆನ್ನ ಕಡೆಯ ಜೇಬಿಗೆ ಕೊಕ್ಕು ಹಾಕಿತು. ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣ ಅರ್ಧ ಹೊರಗೆ ಇಣುಕುತ್ತಿತ್ತು. ಎಲ್ಲರ ಮುಖ ಬೇಲಿಯ ಕಡೆ, ಅಜ್ಜಿಯ ಕಣ್ಣು ಹೆಬ್ಬಾತಿನ ಮೇಲೆ, ಹಾಗಾಗಿ ಅದು ಲೆನ್ಸಣ್ಣನಿಗೆ ಮಾತ್ರ ಕಂಡಿತು.

"ಸಿಕ್ಕಿಬಿದ್ದ!" ಅಜ್ಜಿ ಕೋಲು ಎತ್ತಿದಳು.

"ಅಮ್ಮಾ, ನಾನು ಈ ಗುಡ್ಡ ಹತ್ತಿರೋದೇ ಇವತ್ತು ಮೊದಲ್ನೇ ಸಲ!"

"ಸಿಕ್ಕಿಬಿದ್ದವರೆಲ್ಲ ಹಾಗೇ ಅನ್ನೋದು. ತಪ್ಪಾಯ್ತು ಅನ್ನು, ಬೀಗ ಹಾಕಲ್ಲ."

ಕ್ಯಾಷಿಯರ್ ಸುತ್ತ ನೋಡಿದರು. ಪಾಪದ ಮನುಷ್ಯ. ಇನ್ನೊಂದು ಕ್ಷಣ ಬಿಟ್ಟಿದ್ದರೆ ತಪ್ಪಾಯ್ತು ಎಂದೂ ಬಿಡುತ್ತಿದ್ದರು. ದಾರಿ ಉಳಿಯುತ್ತಿತ್ತು, ತಿರುವಿನ ಅಭ್ಯಾಸವೂ ಉಳಿಯುತ್ತಿತ್ತು, ಲೆನ್ಸಣ್ಣ ಬೆಂಚಿನ ಮೇಲೆ ಕುಳಿತೇ ಎಲ್ಲವನ್ನೂ ಗೆದ್ದಂತಾಗುತ್ತಿತ್ತು. ಅವನ ಬಾಯಿಗೆ ಮಾತ್ರ ಈ ಲೆಕ್ಕ ಹಿಡಿಸಲಿಲ್ಲ.

"ಅವರಲ್ಲ ಅಜ್ಜಿ. ನಾನು."

ಬೆನ್ನುಗಳೆಲ್ಲ ತಿರುಗಿ ಮುಖಗಳಾದವು.

"ಬಿಡಿ ಲೆನ್ಸಣ್ಣ, ಬೇರೆಯವರನ್ನ ಉಳಿಸೋಕೆ ನೀವ್ಯಾಕೆ ತಲೆ ಕೊಡ್ತೀರಿ," ಎಂದ ಒಬ್ಬ. "ದೊಡ್ಡ ಮನಸ್ಸು," ಎಂದ ಇನ್ನೊಬ್ಬ.

"ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ! ಹೆಬ್ಬಾತು ಅಟ್ಟಿಸ್ಕೊಂಡು ಬಂತು, ಓಡಿದೆ. ತಿರುವಿನ ಅಭ್ಯಾಸ ಅಂದಿದ್ದೆಲ್ಲ ಸುಳ್ಳು."

ಯಾರೂ ನಂಬಲಿಲ್ಲ. ನಂಬಿದರೆ, ಹಕ್ಕಿಗೆ ಹೆದರಿದ ಒಬ್ಬನ ಪುಕ್ಕಲುತನಕ್ಕಾಗಿ ತಾವು ಇಷ್ಟು ದಿನ ಬೆವರು ಸುರಿಸಿದೆವು ಎಂದು ಒಪ್ಪಿಕೊಳ್ಳಬೇಕಿತ್ತು.

ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು, ಆಮೇಲೆ ಕನ್ನಡಕದ ಒಳಗಿಂದ ನೋಡಿದಳು. "ನೀನಾ? ಹಾಗಾದ್ರೆ ಸೈಕಲ್ ಹತ್ತು. ಮಾಡಿ ತೋರಿಸು."

ಲೆನ್ಸಣ್ಣ ಹತ್ತಿದ. ಮೊದಲ ಪೆಡಲಿಗೇ ಮೊಣಕೈಗಳು ಎರಡೂ ಕಡೆ ರೆಕ್ಕೆಯಂತೆ ಅಗಲವಾದವು, ತಲೆ ಭುಜದೊಳಗೆ ಹೂತುಹೋಯಿತು. ಹೆಬ್ಬಾತು ಬಿಸ್ಕತ್ತು ಬಿಟ್ಟು ಕತ್ತೆತ್ತಿತು. ಹಳೆಯ ಗೆಳೆಯನನ್ನು ಕಂಡಂಥ ಒಂದು ಕೂಗು ಹಾಕಿ, ರೆಕ್ಕೆ ಬಿಚ್ಚಿ ಹೊರಟಿತು. ಒಂದು ಸುತ್ತು. ಎರಡು. "ಅದೇ ಬೆನ್ನು! ಅದೇ!" ಎಂದು ಅಜ್ಜಿ ಕೋಲು ಬಡಿದಳು. ಮೂರನೆಯ ಸುತ್ತಿಗೆ ಲೆನ್ಸಣ್ಣ ಕೋಸಿನ ಕಡೆ ತಿರುಗಿದವನು ಅಜ್ಜಿಯ ಕಣ್ಣು ನೋಡಿ, ಹ್ಯಾಂಡಲ್ ಎಳೆದು ಬೇಲಿಗೆ ಗುದ್ದಿ ನಿಂತ. ಕ್ಲಬ್ಬಿನವರು ನಗಲು ಶುರುಮಾಡಿ ನಿಲ್ಲಿಸಲಾರದೆ ಹೋದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಕ್ಯಾಷಿಯರ್.

"ತಪ್ಪಾಯ್ತು ಅಜ್ಜಿ," ಏದುಸಿರಿನಲ್ಲಿ ಲೆನ್ಸಣ್ಣ ಹೇಳಿದ. "ಇವತ್ತೇ ಸುತ್ತು ಅಳಿಸ್ತೀನಿ. ಪಾತಿ ನಾನೇ ಮಾಡಿಕೊಡ್ತೀನಿ."

ಅಜ್ಜಿ ಅವನನ್ನು ನೋಡುತ್ತಿರಲಿಲ್ಲ. ಹೆಬ್ಬಾತು ನೇರವಾಗಿ ಬೋಗುಣಿಯ ಬಳಿ ಹೋಗಿ, ಅಷ್ಟು ದಿನದಿಂದ ಮುಟ್ಟದ ಕಾಳನ್ನು ಗಬಗಬ ತಿನ್ನುತ್ತಿತ್ತು. ಅವಳು ಸರಪಳಿ ಮಡಿಚಿ ಬೆಂಚಿನ ಕೆಳಗೆ ಹಾಕಿದಳು.

"ಅಳಿಸು. ಎಲ್ಲರೂ ನೆಟ್ಟಗೆ ಹೋಗ್ಲಿ," ಎಂದಳು. "ನೀನು ಮಾತ್ರ ಭಾನುವಾರ ಭಾನುವಾರ ಬಂದು ಮೂರು ಸುತ್ತು ಹಾಕಿ ಹೋಗು. ತಪ್ಪಿಸಿದ್ಯೋ, ಗೇಟಿಗೆ ಬೀಗ."

ಈಗ ನಕ್ಷೆಯಲ್ಲಿ ಗೆರೆ ಆ ಅಂಗಳವನ್ನು ನೆಟ್ಟಗೆ ದಾಟುತ್ತದೆ. ಸೈಕಲ್ಲಿನವರು ಮಾತ್ರ ಅಲ್ಲಿ ಇಳಿದು, ಬೆಂಚಿನ ಮೇಲೆ ಸಾಲಾಗಿ ಕುಳಿತು, ನೀರು ಕುಡಿಯುತ್ತ ಕಾಯುತ್ತಾರೆ. ತಂಗಿಯೂ ಒಂದೆರಡು ಸಲ ಬಸ್ಸು ಹಿಡಿದು, ಉಳಿದದ್ದನ್ನು ನಡೆದು ಹತ್ತಿ ಬಂದಿದ್ದಾಳೆ. ಲೆನ್ಸಣ್ಣ ಬರುವುದು ತುಸು ತಡವಾದರೆ ಅಜ್ಜಿ ಕನ್ನಡಕ ಒರೆಸಿಕೊಂಡು ಇಳಿಜಾರಿನ ಕಡೆ ನೋಡುತ್ತಾಳೆ. ಅವನು ಬಹಳ ದೂರದಲ್ಲಿರುವಾಗಲೇ ಕಾಣುತ್ತಾನಂತೆ. ಲೆನ್ಸು ಅಷ್ಟು ಚೆನ್ನಾಗಿದೆ.