ಏರಿನಲ್ಲಿ ಕುದಿಯುತ್ತಿದ್ದ ಗಾಡಿ

ಮರುದಿನ ಬೆಳಗಾದರೆ ಇಪ್ಪತ್ತೆಂಟು ಜೇನುಪೆಟ್ಟಿಗೆಗಳನ್ನು ಗುಡ್ಡದಾಚೆ ಸಾಗಿಸಬೇಕಿತ್ತು. ಪಕ್ಕದ ತೋಟದವರು ಮರಗಳಿಗೆ ಔಷಧಿ ಹೊಡೆಯುವವರಿದ್ದರು. ಹೇಳದೆಯೂ ಹೊಡೆಯಬಹುದಿತ್ತು, ಎರಡು ದಿನ ಮೊದಲೇ ಬೇಲಿಯ ಬಳಿ ಬಂದು ತಿಳಿಸಿ ಹೋದರು. ಆ ಉಪಕಾರ ನಮಗೆ ದಕ್ಕಬೇಕಾದರೆ ನಮ್ಮ ಹಳೆಯ ಪಿಕಪ್ ಏರು ಹತ್ತಬೇಕು. ಅದೋ, ಹತ್ತುತ್ತಿರಲಿಲ್ಲ.

ಹೋದ ತಿಂಗಳು ಅರ್ಧ ಏರಿನಲ್ಲಿ ಇಂಜಿನ್ ಕುದಿದು ಗಾಡಿ ನಿಂತುಬಿಟ್ಟಿತ್ತು. ಬಾಯಿ ಮುಚ್ಚಿದ ಪೆಟ್ಟಿಗೆಗಳು ಬಿಸಿಲಿನಲ್ಲಿ ಬೆಂದು, ಎರಡರಲ್ಲಿ ಒಂದು ಹುಳುವೂ ಉಳಿಯಲಿಲ್ಲ. ಗಾಡಿ ಓಡಿಸುತ್ತಿದ್ದವಳು ನನ್ನ ಸೊಸೆ. ಜೇನು ಸಾಕುವುದು ಅವಳ ಕಸುಬು, ನಾನು ಕೈಜೋಡಿಸುವವಳು. ಅಂದಿನಿಂದ ತಟ್ಟೆಯ ಮುಂದೆ ಕೂತರೂ ಅವಳದು ಒಂದೇ ಮಾತು: "ಗೇರು ಮೊದಲೇ ಇಳಿಸಬೇಕಿತ್ತು ಅತ್ತೆ." ರೇಡಿಯೇಟರಿನ ಕ್ಯಾಪ್ ಬದಲಾಯಿಸಿದೆವು, ಪೈಪ್ ಬದಲಾಯಿಸಿದೆವು. ಗಾಡಿ ಕುದಿಯುವುದು ನಿಲ್ಲಲಿಲ್ಲ.

ಹಾಗಾಗಿ ಅಂದು ಬೆಳಿಗ್ಗೆ ಕಿವಿ ಮೇಸ್ತ್ರಿಯ ಶೆಡ್ಡಿಗೆ ಹೋದೆವು. ಇಂಜಿನ್ನಿಗೆ ಕಿವಿಗೊಟ್ಟೇ ರೋಗ ಹೇಳುತ್ತಾರೆಂದು ಅವರಿಗೆ ಆ ಹೆಸರು. ಗಾಡಿ ನೋಡುವ ಮೊದಲು ಅವರು ಒಂದು ಸ್ಟೂಲನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, ಬಿಸಿಲು ತಾಗದ ಮೂಲೆಯಲ್ಲಿ ನನಗಾಗಿ ಇಟ್ಟರು.

"ಯಾವಾಗ ಬಿಸಿಯಾಗುತ್ತೆ ಅಕ್ಕಾ? ನಿಂತಾಗಲೋ, ಓಡುವಾಗಲೋ?" ಎಂದು ಸೊಸೆಯನ್ನು ಕೇಳಿದರು.

"ಏರಲ್ಲಿ. ಲೋಡ್ ಇದ್ರೆ ಮುಗೀತು, ಬಿಸಿ ತೋರಿಸೋ ಮುಳ್ಳು ಮೇಲಕ್ಕೆ ಓಡುತ್ತೆ. ನಂದೇ ತಪ್ಪಿರಬೇಕು, ಗೇರು..."

"ಡ್ರೈವರನ್ನ ಬೈದ್ರೆ ರೇಡಿಯೇಟರ್ ತಣ್ಣಗಾಗಲ್ಲ. ನೋಡೋಣ ಇರಿ."

ಇಂಜಿನ್ ಆರುವವರೆಗೆ ಕಾದು, ಕ್ಯಾಪಿನ ಮೇಲೆ ಬಟ್ಟೆ ಹಾಕಿ ಮೆಲ್ಲನೆ ತಿರುಗಿಸಿದರು. ಇಂಜಿನ್ ತಣಿಸುವ ಕೂಲೆಂಟ್ ನೀರು ತುಂಬಿತ್ತು. ಎಲ್ಲೂ ಸೋರಿಕೆಯಿಲ್ಲ. ಆಯಿಲ್ ಅಳೆಯುವ ಕಡ್ಡಿ ಎಳೆದು ಬೆಳಕಿಗೆ ಹಿಡಿದರು.

"ಇದು ಹಾಲು ಬೆರೆಸಿದ ಕಾಫಿ ಥರ ಇದ್ರೆ, ನೀರು ಒಳಗೆ ಸೇರಿದೆ ಅಂತ ಅರ್ಥ. ಆಗ ಅತ್ತೆ ಸೊಸೆ ಇಬ್ರೂ ಮನೆಗೆ ನಡ್ಕೊಂಡೇ ಹೋಗ್ಬೇಕು."

"ಹೇಗಿದೆ?" ಸೊಸೆ ಬಗ್ಗಿ ಕಡ್ಡಿಯನ್ನು ನೋಡಿದಳು.

"ಹಾಲಿಲ್ಲ. ಬದುಕ್ಕೊಂಡ್ರಿ."

ಬೆಲ್ಟ್ ಬಿಗಿಯಾಗಿತ್ತು. ಇಂಜಿನ್ ಶುರುಮಾಡಿ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಮುಟ್ಟಿ ನೋಡಿದರು, ನೀರು ಓಡಾಡುತ್ತಿತ್ತು. ಫ್ಯಾನೂ ತಿರುಗುತ್ತಿತ್ತು. ಮೇಸ್ತ್ರಿ ತಲೆ ಬಗ್ಗಿಸಿ ಇಂಜಿನ್ನಿಗೆ ಕಿವಿಗೊಟ್ಟರು. ಆಮೇಲೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ತಂದು ಗಾಡಿಯ ಮುಂದಿನ ಗ್ರಿಲ್ಲಿಗೆ ಹಿಡಿದು ಕೈಬಿಟ್ಟರು. ಹಾಳೆ ಜಾರಿ ನೆಲಕ್ಕೆ ಬಿತ್ತು.

"ಫ್ಯಾನ್ ಗಾಳಿ ಎಳೆದ್ರೆ ಹಾಳೆ ಅಂಟ್ಕೋಬೇಕು. ಈ ಗಾಡಿ ಉಸಿರೇ ಆಡ್ತಿಲ್ಲ!"

ಆಗ ನನಗೆ ಒಂದು ಬಲೆ ನೆನಪಾಯಿತು.

ಕಳೆದ ಹೂವಿನ ಕಾಲದಲ್ಲಿ ಓಡುವ ಗಾಡಿಗೆ ಬಡಿದ ಜೇನುಹುಳುಗಳು ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿ ಸಾಯುತ್ತಿದ್ದವು. ನಾನು ಹೇರ್‌ಪಿನ್ನಿನಿಂದ ಒಂದೊಂದನ್ನೇ ಬಿಡಿಸುತ್ತಿದ್ದೆ. ನೋಡಲಾರದೆ, ಪೆಟ್ಟಿಗೆಗಳಿಗೆ ಹೊಡೆಯುವ ಸಣ್ಣ ಕಣ್ಣಿನ ಬಲೆಯ ತುಂಡನ್ನು ಗ್ರಿಲ್ಲಿನ ಹಿಂದೆ ತೆಳ್ಳನೆಯ ತಂತಿಯಿಂದ ಹೊಲಿದುಬಿಟ್ಟಿದ್ದೆ. ಸಣ್ಣ ಕೆಲಸವೆಂದು ಯಾರಿಗೂ ಹೇಳಲಿಲ್ಲ. ಆಮೇಲೆ ನನಗೇ ಮರೆತುಹೋಯಿತು.

ಮೇಸ್ತ್ರಿ ಗ್ರಿಲ್ ಬಿಚ್ಚಿದರು. ಧೂಳು, ಹೊಟ್ಟು, ಹೂವಿನ ಅರಳೆ ಎಲ್ಲ ಸೇರಿ ಬಲೆ ಕಂಬಳಿಯಾಗಿತ್ತು. ಅಂಚಿನ ಹೊಲಿಗೆಯ ಮೇಲೆ ಅವರ ಬೆರಳು ಹರಿಯಿತು. ಬಳಿಕ ನನ್ನ ಮುಖ ನೋಡಿದರು. ನೋಡಿದವರೇ ಬಲೆಯನ್ನು ಸುತ್ತಿ ಪಕ್ಕದಲ್ಲಿ ಬಿದ್ದಿದ್ದ ತಾಡಪಾಲಿನ ಕೆಳಗೆ ತಳ್ಳಿ, ಗಾಡಿಯ ಆ ಬದಿಯಲ್ಲಿದ್ದ ಸೊಸೆಗೆ ಕೂಗಿ ಹೇಳಿದರು: "ಸಿಕ್ತು ಅಕ್ಕಾ! ಧೂಳು ಕಟ್ಟಿತ್ತು, ಅಷ್ಟೇ. ಹಳೇ ಗಾಡಿಗೆಲ್ಲ ಇದ್ದಿದ್ದೇ."

ಗುರುತಿಲ್ಲದ ಮುದುಕಿಯ ಮಾನ ಕಾಯಲು ಆ ಮನುಷ್ಯನಿಗೆ ಅರೆಗಳಿಗೆ ಸಾಕಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸೊಸೆ ಹಣೆ ಚಚ್ಚಿಕೊಂಡಳು.

"ಧೂಳಾ? ವಾರ ವಾರ ತೊಳೀಬೇಕಿತ್ತು ನಾನು. ನೋಡಿ, ಕೊನೆಗೂ ನಾನೇ ಕೊಂದಿದ್ದು."

"ನೀನಲ್ಲಮ್ಮಾ," ಎಂದೆ. ತಾಡಪಾಲು ಸರಿಸಿ ಬಲೆ ತೆಗೆದು ಅವಳ ಕೈಗಿಟ್ಟೆ. "ಇದನ್ನ ಹೊಲಿದವಳು ನಾನು. ಹುಳ ಬಡ್ಕೊಂಡು ಸಾಯ್ತಿದ್ವು ಅಂತ."

ಅವಳು ಬಲೆಯನ್ನೇ ನೋಡಿದಳು. "ಎರಡು ಪೆಟ್ಟಿಗೆ, ಅತ್ತೆ."

"ಹೌದು."

ಅವಳು ಗೋಡೆಯ ಕಡೆ ತಿರುಗಿ ನಿಂತಳು. ಮೇಸ್ತ್ರಿ ನಮ್ಮ ಮಾತು ಕೇಳಿಸದವರಂತೆ ನೀರಿನ ಪೈಪ್ ಹಿಡಿದು, ರೇಡಿಯೇಟರನ್ನು ಒಳಗಿನಿಂದ ಹೊರಕ್ಕೆ ತೊಳೆಯತೊಡಗಿದರು. ಕೆಂಪು ನೀರು ಚರಂಡಿಗೆ ಹರಿದು ಹೋಗಿ ತಿಳಿಯಾದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಒಂದು ಮಾತು ಹೇಳಬಾರದಿತ್ತಾ, ಬಲೆ ಹಾಕಿದ್ದೀನಿ ಅಂತ?"

"ಹೇಳಿದ್ರೆ ನಗ್ತಿದ್ದೆ ನೀನು."

"ನಗ್ತಿದ್ದೆ. ಆಮೇಲೆ ಕಿತ್ತು ಬಿಸಾಡ್ತಿದ್ದೆ." ಮೂಗು ಒರೆಸಿಕೊಂಡಳು. "ತಿಂಗಳಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ ನಂಗೆ." ಹಾಗೆನ್ನುತ್ತಲೇ ಬಂದು, ಮತ್ತೆ ಸ್ಟೂಲಿನ ಮೇಲೆ ಕೂತಿದ್ದ ನನ್ನನ್ನು ಒತ್ತರಿಸಿ ಅದರ ಅರ್ಧಕ್ಕೆ ಕೂತಳು. ಅವಳ ಭುಜದ ಭಾರ ನನ್ನ ಭುಜಕ್ಕೆ ಇಳಿಯಿತು.

"ಅದು ಒಬ್ರು ಕೂರೋ ಸ್ಟೂಲು," ಎಂದರು ಮೇಸ್ತ್ರಿ ತಲೆಯೆತ್ತದೆ. "ಮುರಿದ್ರೆ ನಾನು ರಿಪೇರಿ ಮಾಡಲ್ಲ."

ತೊಳೆದ ಮೇಲೆ ಹಾಳೆ ಗ್ರಿಲ್ಲಿಗೆ ಪಟ್ಟನೆ ಅಂಟಿತು. ಮೇಸ್ತ್ರಿಗೆ ಅಷ್ಟು ಸಾಲದು. "ಖಾಲಿ ಗಾಡಿ ಹತ್ತಿದ್ರೆ ಏನು ಬಂತು?" ಎಂದು ಹಳೆಯ ಟೈರು, ಗುಜರಿ ಕಬ್ಬಿಣ ಎಲ್ಲ ಹೇರಿ, ಸೊಸೆಯನ್ನೇ ಓಡಿಸಲು ಹೇಳಿ, ತಾವು ಪಕ್ಕದಲ್ಲಿ ಕೂತು ಏರಿನ ತುದಿಯವರೆಗೆ ಹೋಗಿಬಂದರು. ಇಳಿದವರೇ, "ಅಮ್ಮಾ, ನಿಮ್ಮ ಸೊಸೆ ಗೇರು ಹಾಕೋದ್ರಲ್ಲಿ ಏನೂ ತಪ್ಪಿಲ್ಲ," ಎಂದರು. ನನಗೆ ಹೇಳಿದಂತಿದ್ದರೂ ಆ ಮಾತು ಸೇರಬೇಕಾದವಳಿಗೆ ಸೇರಿತು.

ಮರುದಿನ ಬಿಸಿಲು ಏಳುವ ಮೊದಲೇ ಗುಡ್ಡ ದಾಟಿದ್ದೆವು. ಆಚೆಯ ಬಯಲಿನಲ್ಲಿ ಪೆಟ್ಟಿಗೆಗಳನ್ನು ಸಾಲಾಗಿ ಇಳಿಸಿ, ಸೊಸೆ ಒಂದೊಂದರದೇ ಬಾಯಿ ತೆಗೆಯುತ್ತಾ ಹೋದಳು. ಹುಳುಗಳು ಹೊಸ್ತಿಲಿಗೆ ಬಂದು, ಹೊಸ ಜಾಗಕ್ಕೆ ಮುಖಮಾಡಿ, ಸುತ್ತು ಹಾರಿ ಹೊರಟವು. ಕೊನೆಯ ಪೆಟ್ಟಿಗೆಯ ಮುಂದೆ ಅವಳು ನಿಂತು ಹಿಂದಿರುಗಿ ನೋಡಿದಳು.

"ಇದನ್ನ ನೀವೇ ತೆಗೀರಿ ಅತ್ತೆ."

ನೆಲ ಉಬ್ಬುತಗ್ಗಾಗಿತ್ತು. ನಾನು ಬಾಗಿ ಚಿಲಕ ಸರಿಸುವಾಗ ಅವಳು ನನ್ನ ಮೊಣಕೈಯನ್ನು ಭದ್ರವಾಗಿ ಹಿಡಿದುಕೊಂಡಿದ್ದಳು.